ಮಡಿನೀರು ಮತ್ತು ಊರ ನೀರು

ನೀರಿಲ್ಲದೆ ಯಾವ ಕರ್ಮವೂ ಸಾಗದು. ಪ್ರಾತಃಸ್ನಾನ, ಸಂಧ್ಯಾವಂದನೆ, ದೇವರಪೂಜೆ, ಶ್ರಾದ್ಧ ಇವೆಲ್ಲಕ್ಕೂ ಮೊದಲು ಬೇಕಾದುದು ಶುದ್ಧೋದಕ. ಆದಕಾರಣವೇ ನಮ್ಮ ಹಿರಿಯರು ಮಡಿನೀರಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟಾಗಿದ್ದರು. ಮಡಿಯುಟ್ಟು ಬಾವಿಯಿಂದ ಸೇದಿ, ತಾಮ್ರದ ಬಿಂದಿಗೆಯಲ್ಲಿ ತುಂಬಿ ಮುಚ್ಚಿಡುತ್ತಿದ್ದರು. ಹೀಗೆ ಸೇದುವವರಿಗೆ ಬಾವಿಯ ಮಟ್ಟ ಎಷ್ಟು ಇಳಿದಿದೆ, ನೀರಿನ ಬಣ್ಣ ರುಚಿಗಳು ಹೇಗಿವೆ ಎಂಬುದು ದಿನವೂ ತಾನಾಗಿ ತಿಳಿಯುತ್ತಿತ್ತು.

ಇಂದು ನಲ್ಲಿಯನ್ನು ತಿರುಗಿಸಿದರೆ ನೀರು ಬರುತ್ತದೆ. 2019ರಲ್ಲಿ ಆರಂಭವಾದ ಜಲಜೀವನ್ ಯೋಜನೆಯು ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಿಂದ ನಡೆಯಿತು. ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಒದಗಬೇಕೆಂಬುದು ಅದರ ಗುರಿ. ಇದು ದೊಡ್ಡ ಉಪಕಾರವೇ ಸರಿ. ಆದರೆ ನೀರು ಮನೆಯೊಳಗೆ ಬಂದಂತೆ ಅದರ ಮೂಲವು ಕಣ್ಣಿನಿಂದ ಮರೆಯಾಯಿತು. ಬಿಂದಿಗೆಯನ್ನು ಕಾಯುವ ನಾವು ಬಿಂದಿಗೆಗೆ ಬರುವ ನೀರನ್ನು ಕಾಯುತ್ತಿದ್ದೇವೆಯೆ? ಮಡಿಯು ಹೊಸ್ತಿಲಿನಲ್ಲಿಯೇ ಮುಗಿಯುವುದೆ?

ನಮ್ಮ ಸೀಮೆಯನ್ನೇ ನೋಡೋಣ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿದ ಲಕ್ಷ್ಮಣತೀರ್ಥವು ಹುಣಸೂರು ಪಟ್ಟಣವನ್ನು ಹಾದು ಕೃಷ್ಣರಾಜಸಾಗರದ ಹಿನ್ನೀರನ್ನು ಸೇರುತ್ತದೆ. ಹೆಸರಿನಲ್ಲಿಯೇ ತೀರ್ಥವಿರುವ ಈ ನದಿಗೆ ಊರಿನ ಚರಂಡಿಯ ನೀರೂ ಸೇರುತ್ತಿದೆ. ನಾವು ಬಿಟ್ಟ ಕೊಳೆಯೇ ಕೆಳಗಿನ ಊರಿನವರ ಕುಡಿಯುವ ನೀರಿಗೆ ಕೂಡುತ್ತದೆ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳನ್ನು ಪಡೆದ ಹೆಗ್ಗಡದೇವನಕೋಟೆಯ ಸೀಮೆಯಲ್ಲಿಯೂ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಪರದಾಡುವ ಹಳ್ಳಿಗಳುಂಟು. ಪಿರಿಯಾಪಟ್ಟಣದ ಕೆರೆಗಳನ್ನು ತುಂಬಿಸಲು ಮುತ್ತಿನಮುಳುಸೋಗೆಯ ಬಳಿ ಕಾವೇರಿಯಿಂದ ನೀರೆತ್ತಬೇಕಾಯಿತು. ಕೃಷ್ಣರಾಜನಗರದ ಪಕ್ಕದಲ್ಲಿ ಕಾವೇರಿಯೇ ಹರಿದರೂ 2023ರಂತಹ ವರ್ಷದಲ್ಲಿ ಆ ತಾಯಿಯೂ ಸೊರಗಿದಳು. ಆ ವರ್ಷ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ನೀರು ಹತ್ತಿರವಿರುವುದೇ ಬೇರೆ, ನೀರು ಭದ್ರವಾಗಿರುವುದೇ ಬೇರೆ.

ಕೊರತೆಗಿಂತಲೂ ಘೋರವಾದುದು ಕಾಣದ ಮಾಲಿನ್ಯ. 2024ರ ಮೇ ತಿಂಗಳಿನಲ್ಲಿ ಮೈಸೂರಿಗೆ ಸಮೀಪದ ಕೆ. ಸಾಲುಂಡಿ ಗ್ರಾಮದಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹರಡಿ, ಒಬ್ಬ ಯುವಕನು ಅಸುನೀಗಿದನು. ಅನೇಕರು ಆಸ್ಪತ್ರೆ ಸೇರಿದರು. ನೀರು ಬಿಟ್ಟು ಬಿಟ್ಟು ಬರುವ ಊರುಗಳಲ್ಲಿ, ಕೊಳವೆ ಬರಿದಾದಾಗ ಅದರ ಬಿರುಕಿನಿಂದ ಸುತ್ತಲಿನ ಚರಂಡಿಯ ನೀರು ಒಳಗೆ ಇಳಿಯುತ್ತದೆ. ಅಂತಹ ನೀರು ನೋಡಲು ತಿಳಿಯಾಗಿಯೂ ಇರಬಹುದು.

“ಇದು ಸರ್ಕಾರದ ಕೆಲಸ, ನಾವು ತೆರಿಗೆ ಕೊಡುತ್ತೇವೆ” ಎಂದು ಕೆಲವರು ಹೇಳಬಹುದು. ಸರ್ಕಾರದ ಹೊಣೆಯು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶ್ರಾದ್ಧಕ್ಕೆ ಅಡಿಗೆಯವರನ್ನು ಗೊತ್ತುಮಾಡಿದ ಮಾತ್ರಕ್ಕೆ ಕರ್ತೃವು ನಿಶ್ಚಿಂತನಾಗಿ ಕುಳಿತುಬಿಡುವನೆ? ಎಲ್ಲವೂ ಶುದ್ಧವಾಗಿದೆಯೆ ಎಂದು ಹೋಗಿ ನೋಡುವನಷ್ಟೆ. ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು, ಎಚ್ಚರವನ್ನು ಒಪ್ಪಿಸಲಾಗದು.

ಬಾವಿ, ಕೆರೆ, ಅರವಟ್ಟಿಗೆಗಳನ್ನು ಮಾಡಿಸುವುದನ್ನು ನಮ್ಮ ಶಾಸ್ತ್ರಗಳು ಪೂರ್ತವೆಂದು ಕರೆದು, ಯಜ್ಞಾದಿ ಇಷ್ಟದ ಜೊತೆಯಲ್ಲಿಯೇ ಎಣಿಸಿವೆ. ಇಂದಿನ ಪೂರ್ತವು ಹೊಸದನ್ನು ತೋಡುವುದಕ್ಕಿಂತ ಇರುವುದನ್ನು ಕಾಯುವುದರಲ್ಲಿದೆ. ವಿದ್ಯುತ್ತು ನಿಂತರೆ, ಪಂಪು ಕೆಟ್ಟರೆ, ಮಳೆ ತಪ್ಪಿದರೆ ಒಂದೇ ಮೂಲವನ್ನು ನಂಬಿದ ಊರು ಕಂಗೆಡುತ್ತದೆ. ಆದುದರಿಂದ ಕಸದ ಗುಂಡಿಯಾಗಿರುವ ಹಳೆಯ ಬಾವಿಯ ಹೂಳೆತ್ತಿಸಿ, ಮುಚ್ಚಳ ಹಾಕಿಸಿ, ಆಪತ್ಕಾಲಕ್ಕೆ ಉಳಿಸಿಕೊಳ್ಳೋಣ. ಮೇಲ್ತೊಟ್ಟಿಯನ್ನು ಕಡೆಯ ಸಲ ತೊಳೆದುದು ಎಂದು, ನಲ್ಲಿಯ ಕೊನೆಯವರೆಗೂ ಕ್ಲೋರಿನ್ ತಲುಪುತ್ತಿದೆಯೆ ಎಂದು ಪಂಚಾಯಿತಿಯಲ್ಲಿ ವಿನಯದಿಂದ, ಆದರೆ ಬಿಡದೆ ಕೇಳೋಣ. ಪ್ರತಿ ಗ್ರಾಮದಲ್ಲಿ 5 ಮಂದಿ ಸ್ತ್ರೀಯರಿಗೆ ನೀರಿನ ಪರೀಕ್ಷೆಯನ್ನು ಕಲಿಸಬೇಕೆಂಬ ಏರ್ಪಾಡು ಅದೇ ಯೋಜನೆಯಲ್ಲಿದೆ. ತಲೆಮಾರುಗಳಿಂದ ಮಡಿನೀರನ್ನು ಕಾಯ್ದು ಬಂದ ನಮ್ಮ ಮನೆಯ ತಾಯಂದಿರಿಗೆ ಇದಕ್ಕಿಂತ ಒಪ್ಪುವ ಸೇವೆ ಯಾವುದು?

ತುಲಾಮಾಸದಲ್ಲಿ ಕಾವೇರಿಯಲ್ಲಿ ಮುಳುಗಿ ಪಾಪ ಕಳೆದುಕೊಳ್ಳಬಯಸುವ ನಾವು, ಅವಳಿಗೆ ನಮ್ಮ ಕೊಳೆಯನ್ನು ಹೊರಿಸದಿರುವುದೇ ಮೊದಲ ಅರ್ಘ್ಯ. ನಮ್ಮ ಬಿಂದಿಗೆಯಷ್ಟೇ ಶುದ್ಧವಾಗಿದ್ದು ನೆರೆಯವನ ಮಗುವು ನೀರು ಕುಡಿದು ನರಳಿದರೆ, ಆ ಮಡಿಯು ಅರ್ಧ ಮಡಿಯೇ ಸರಿ. ಊರ ನೀರೂ ಮಡಿನೀರೆಂದು ಎಂದು ತಿಳಿಯುವೆವೋ ಅಂದೇ ಅದು ಪೂರ್ಣವಾಗುವುದು.

॥ ಶ್ರೀಕೃಷ್ಣಾರ್ಪಣಮಸ್ತು ॥