ಗೋಷೆನ್ ಸೀಮೆಯಲ್ಲಿ 17 ವರ್ಷ

ಕೂತ್ಕೊಳ್ಳಿ ಪ್ರಿಯರೇ. ಬೈಬಲ್ ತಂದಿರೋರು, ಮೊಬೈಲ್‌ನಲ್ಲಿ ನೋಡೋರು, ಎಲ್ಲರೂ ಆದಿಕಾಂಡ 47ನೇ ಅಧ್ಯಾಯ ತೆಗೀರಿ.

ಇಲ್ಲೊಬ್ಬ ಮುದುಕ ಇದ್ದಾನೆ. ವಯಸ್ಸು 130. ಊರಲ್ಲಿ ಬರ. ಮಗ ಪರದೇಶದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ, ಫರೋಹನ ನಂತರ ಅವನೇ. ಅಪ್ಪನನ್ನ ಕರೆಸೋಕೆ ಗಾಡಿ ಕಳಿಸ್ತಾನೆ. ನಮ್ಮ ಮಾತಲ್ಲಿ ಹೇಳೋದಾದ್ರೆ ಡಿಪೆಂಡೆಂಟ್ ವೀಸಾ, ಟಿಕೆಟ್, ಏರ್‌ಪೋರ್ಟ್ ಪಿಕಪ್ ಎಲ್ಲಾ ರೆಡಿ. ನಗ್ತಿದ್ದೀರಿ, ಆದ್ರೆ ನಿಮ್ಮಲ್ಲಿ ಎಷ್ಟು ಜನ ಇದೇ ಪ್ಲಾನ್ ಇಟ್ಕೊಂಡಿದ್ದೀರಿ ಅಂತ ನನಗೆ ಗೊತ್ತು.

ಯಾಕೋಬ ಹೋದ. ದೇಶದಲ್ಲೇ ಒಳ್ಳೆಯ ಭೂಮಿ, ಗೋಷೆನ್ ಸೀಮೆ ಸಿಕ್ತು. ಅಲ್ಲಿ 17 ವರ್ಷ ಇದ್ದ. ಯೋಸೇಫ ಅಪ್ಪನಿಂದ ದೂರ ಆದಾಗ ಅವನಿಗೆ 17 ವಯಸ್ಸು. 17 ವರ್ಷ ಅಪ್ಪ ಮಗನನ್ನ ಸಾಕಿದ, 17 ವರ್ಷ ಮಗ ಅಪ್ಪನನ್ನ ಸಾಕಿದ. ಲೆಕ್ಕ ಚುಕ್ತಾ ಆಯ್ತಲ್ಲಾ? ಆದ್ರೆ ಕೊನೆಗೆ ಯಾಕೋಬ ಮಗನ ಹತ್ರ ಪ್ರಮಾಣ ಮಾಡಿಸ್ತಾನೆ, ನನ್ನನ್ನ ಐಗುಪ್ತದಲ್ಲಿ ಹೂಣಿಡಬೇಡ ಅಂತ. ಅನ್ನ ಇತ್ತು, ಮನೆ ಇತ್ತು, ಮೊಮ್ಮಕ್ಕಳಿದ್ರು. ಏನು ಕಮ್ಮಿ ಆಗಿತ್ತು?

ನಾನು ಹುಟ್ಟಿ ಬೆಳೆದಿದ್ದು ದಾಂಡೇಲಿ. ನಮ್ಮ ಕಡೆ ‘ಪರದೇಸಿ’ ಅನ್ನೋದು ಬೈಗುಳ. ಹಿಂದೆ ಮುಂದೆ ಯಾರೂ ಇಲ್ಲದವನು ಅಂತ ಅರ್ಥ. ‘ಎಕ್ಸ್‌ಪ್ಯಾಟ್’ ಅಂದ್ರೆ ಮಾತ್ರ ಸೂಟು ಹಾಕಿದವನು ಕಣ್ಣ ಮುಂದೆ ಬರ್ತಾನೆ. ಇಬ್ಬರದ್ದೂ ಒಂದೇ ಸ್ಥಿತಿ, ಜೇಬು ಬೇರೆ.

ಚಿಕ್ಕವನಿದ್ದಾಗ ಮುಂಡಗೋಡದ ಕಡೆ ಕೂಟಕ್ಕೆ ಹೋಗಿ ಬರುವಾಗ ಬಸ್ ಸ್ಟ್ಯಾಂಡಲ್ಲಿ ಟಿಬೆಟಿಯನ್ ಅಜ್ಜಂದಿರು ಕೂತಿರ್ತಿದ್ರು. ಅವರಿಗೆ ಅಲ್ಲಿ ನೆಲೆ ಸಿಕ್ಕಿದ್ದು 1966ರಲ್ಲಿ. ಅಲ್ಲಿ ಜೋಳ ಬೆಳೆದ್ರು, ಚಳಿಗಾಲಕ್ಕೆ ಊರೂರು ತಿರುಗಿ ಸ್ವೆಟರ್ ಮಾರಿದ್ರು, ಲ್ಹಾಸಾದಲ್ಲಿ ಕಳ್ಕೊಂಡ ಡ್ರೆಪುಂಗ್, ಗಾಂಡೆನ್ ಮಠಗಳನ್ನ ನಮ್ಮ ಉತ್ತರ ಕನ್ನಡದಲ್ಲಿ ಮತ್ತೆ ಕಟ್ಟಿದ್ರು. ಅವರ ಧರ್ಮ ಬೇರೆ, ಇವತ್ತಿನ ವಿಷಯ ಅದಲ್ಲ. ಸ್ವಂತ ನೆಲದಲ್ಲಿ ಸಿಗದ ಸ್ವಾತಂತ್ರ್ಯ ಪರನೆಲದಲ್ಲಿ ಸಿಕ್ತು, ಇದು ಸಣ್ಣ ಮಾತಲ್ಲ. ಆದ್ರೂ ಟಿಬೆಟ್‌ನಲ್ಲಿ ಹುಟ್ಟಿ ಬಂದ ಅಜ್ಜ ಕಾನೂನಿನ ಕಣ್ಣಲ್ಲಿ ಇವತ್ತಿಗೂ ವಿದೇಶಿ. ಆರ್‌ಸಿ ಅನ್ನೋ ನೋಂದಣಿ ಪತ್ರ ಇಟ್ಕೋಬೇಕು, ಅವಧಿ ಮುಗಿದ್ರೆ ನವೀಕರಿಸಬೇಕು. ವೋಟಿಲ್ಲ. ಉಳುವ ಭೂಮಿ ಅವನ ಹೆಸರಲ್ಲಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು ಅನ್ನೋ ಕಾನೂನು ಟಿಬೆಟಿಯನ್ನರಿಗೂ ಸಲ್ಲುತ್ತೆ ಅಂತ 2010ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಅಂದ್ರೆ ಮಗ ಈ ದೇಶದವನಾಗಬಹುದು, ಅಪ್ಪ ಅತಿಥಿಯಾಗೇ ಸಾಯಬಹುದು.

(ಹಳಿಯಾಳ, ಜೋಯಿಡಾದ ಸಿದ್ದಿಗಳನ್ನ ನೋಡಿ. ಪೂರ್ವಜರು ಆಫ್ರಿಕಾದಿಂದ ಬಂದು ಶತಮಾನಗಳಾದ್ವು, ಮನೆಮಾತು ಬಹುಪಾಲು ಕೊಂಕಣಿ, ನಮ್ಮ ಕಡೆಯ ಮಾತೇ. ಆದ್ರೂ ಬೆಂಗಳೂರಿನ ಬಸ್ಸಲ್ಲಿ ಅವರನ್ನ ಯಾವ ದೇಶ ಅಂತ ಕೇಳೋರಿದ್ದಾರೆ. ಕೆಲವರಿಗೆ ಊರು ಇದ್ರೂ ಊರಿಲ್ಲ.)

ಈಗ ನಮ್ಮ ವಿಷಯಕ್ಕೆ ಬರ್ತೀನಿ. ನಿವೃತ್ತಿ ಆದ್ಮೇಲೆ ಮಕ್ಕಳ ಹತ್ರ ಡಲ್ಲಾಸ್‌ಗೋ ದುಬೈಗೋ ಹೋದ ಹಿರಿಯರನ್ನ ಕೇಳಿ. ಮೊದಲ ತಿಂಗಳು ಸ್ವರ್ಗ ಅಂತಾರೆ. ಮದುವೆಗೆ ಆಯೇರಿ ಮಾಡೋ ಕಾಟ ಇಲ್ಲ, ಹೊಲದ ಬದುವಿನ ಜಗಳ ಇಲ್ಲ, ಯಾಕೆ ಬರಲಿಲ್ಲ ಅನ್ನೋರಿಲ್ಲ. ಮೂರನೇ ತಿಂಗಳಿಗೆ ಅದೇ ಮಾತು ಬೇರೆ ದನಿಯಲ್ಲಿ ಬರುತ್ತೆ: ಯಾಕೆ ಬರಲಿಲ್ಲ ಅನ್ನೋರೂ ಇಲ್ಲ. ಕಾರಿಲ್ಲದೆ ಹೊರಗೆ ಹೋಗೋ ಹಾಗಿಲ್ಲ, ಜ್ವರ ಬಂದ್ರೆ ಇನ್ಶೂರೆನ್ಸ್ ಲೆಕ್ಕ. ಅಲ್ಲಿಯ ಪೌರತ್ವ ತಗೊಂಡ ಮಗ ಒಸಿಐ ಕಾರ್ಡ್ ಹಿಡ್ಕೊಂಡು ವಾಪಸ್ ಬಂದ್ರೂ ಹಳಿಯಾಳದಲ್ಲಿ ಒಂದು ಗುಂಟೆ ಗದ್ದೆ ಕೊಂಡ್ಕೊಳ್ಳೋಕೆ ಆಗಲ್ಲ, ವೋಟೂ ಹಾಕೋಕಾಗಲ್ಲ. ಬೇರೆ ನಾಡಲ್ಲಿ ಸಿಗೋ ಸ್ವಾತಂತ್ರ್ಯ ಅಂದ್ರೆ ಬಹಳ ಸಲ ಇಷ್ಟೇ: ನಮ್ಮನ್ನ ಯಾರೂ ಏನೂ ಕೇಳಲ್ಲ. ಕಷ್ಟವೂ ಅದೇ.

ಇದನ್ನ ನಾನು ಪುಸ್ತಕ ಓದಿ ಕಲೀಲಿಲ್ಲ. ಅಪ್ಪ ಆಂಧ್ರದಿಂದ ದಾಂಡೇಲಿಗೆ ಮಿಲ್ ಕೆಲಸಕ್ಕೆ ಬಂದವರು. ಕನ್ನಡ ಒಂದಕ್ಷರ ಬರ್ತಿರಲಿಲ್ಲ. ನಿವೃತ್ತಿ ಆದ್ಮೇಲೆ ಕ್ವಾರ್ಟರ್ಸ್ ಬಿಟ್ಟು ಅಲ್ಲೇ ಬಾಡಿಗೆ ಮನೆ ಹಿಡಿದ್ರು. ಸಭೆಯ ಬೀಗದ ಕೈ ಅವರ ಹತ್ರ ಇರ್ತಿತ್ತು. ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದು, ಕಸ ಗುಡಿಸಿ, ಚಾಪೆ ಹಾಸೋದು ಅವರ ಕೆಲಸ. ಅಮ್ಮ ಕರ್ತನಲ್ಲಿ ನಿದ್ರೆ ಹೋದ ಮೇಲೆ ನಾನು ಬೆಂಗಳೂರಿಗೆ ಕರ್ಕೊಂಡು ಬಂದೆ. ಹನ್ನೊಂದನೇ ಮಹಡಿ, ಲಿಫ್ಟ್, ಸ್ವಂತ ಕೋಣೆ, ಟಿವಿ. ಎಂಟು ತಿಂಗಳಾದ ಮೇಲೆ ಒಂದು ರಾತ್ರಿ ಹೇಳಿದ್ರು, “ತಮ್ಮಾ, ನನ್ನ ದಾಂಡೇಲಿಗೆ ಬಿಟ್ಟು ಬಾ. ಇಲ್ಲಿ ನಂಗ ಏನೂ ಕೆಲಸ ಇಲ್ಲ, ಯಾರೂ ಏನೂ ಕೇಳಂಗಿಲ್ಲ.”

ನನಗೆ ಸಿಟ್ಟು ಬಂತು. ಇಷ್ಟೆಲ್ಲಾ ಮಾಡಿದ್ರೂ ಕೃತಜ್ಞತೆ ಇಲ್ಲವಾ ಅಂತ ಅನ್ನಿಸ್ತು. ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಪ್ರಿಯರೇ, ಆ ಮಾತಿಗೆ ದೇವರು ನನ್ನನ್ನ ಗದರಿಸಿದರು. ಅಪ್ಪ ಮೊದಲನೇ ಸಲ ಪರದೇಶಿ ಆಗಿದ್ದು ದಾಂಡೇಲಿಯಲ್ಲಿ. ಅದನ್ನ ದುಡಿದು ಊರು ಮಾಡ್ಕೊಂಡ್ರು. ಎರಡನೇ ಸಲ ಅವರನ್ನ ಪರದೇಶಿ ಮಾಡಿದವನು ನಾನು.

ಎರಡನೇ ಸಮುವೇಲ 19ರಲ್ಲಿ ಬರ್ಜಿಲ್ಲೈ ಇದ್ದಾನೆ, 80 ವರ್ಷದವನು. ಅರಸನಾದ ದಾವೀದನೇ ಯೆರೂಸಲೇಮಿಗೆ ಬಾ, ಸಾಕ್ತೀನಿ ಅಂತಾನೆ. ಆತ ಬೇಡ ಅಂದ. ನಾಲಿಗೆಗೆ ರುಚಿ ಹತ್ತಲ್ಲ, ಹಾಡು ಕಿವಿಗೆ ಕೇಳಲ್ಲ, ನಾನ್ಯಾಕೆ ನಿಮಗೆ ಭಾರ, ನನ್ನೂರಲ್ಲೇ ಸಾಯ್ತೀನಿ ಅಂದ. ದಾವೀದ ಸಿಟ್ಟಾಗಲಿಲ್ಲ. ಮುದ್ದಿಟ್ಟು ಆಶೀರ್ವದಿಸಿ ಕಳಿಸಿದ. ರಾಜನಿಗಿದ್ದ ದೊಡ್ಡ ಮನಸ್ಸು ನನಗಿರಲಿಲ್ಲ.

ಅತಿಥಿ ಹಕ್ಕು ಕೇಳಿದ್ರೆ ಅದು ಕೃತಘ್ನತೆನಾ? ಅಲ್ಲ ಅಂತೀನಿ. ಸಾರಾ ತೀರಿಕೊಂಡಾಗ ಹಿತ್ತಿಯರು ಅಬ್ರಹಾಮನಿಗೆ ಜಾಗ ಸುಮ್ಮನೆ ಕೊಡೋಕೆ ಬಂದ್ರು. ಆತ ಅವರಿಗೆ ತಲೆಬಾಗಿದ, ಪರದೇಶಿ ಅಂತ ಒಪ್ಕೊಂಡ, ಆದ್ರೆ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟೇ ಮಕ್ಪೇಲದ ಹೊಲ ತಗೊಂಡ. ಯಾಕೋಬ ಕೊನೆಗೆ ಕೇಳಿದ್ದು ಅದೇ ಗವಿಯನ್ನ. ಇನ್ನೊಂದು ಗಮನಿಸಿ: ಫರೋಹನ ಮುಂದೆ ನಿಂತಾಗ ಯಾಕೋಬ ಅವನನ್ನ ಆಶೀರ್ವದಿಸಿದ, ಒಂದಲ್ಲ, ಎರಡು ಸಲ. ಕೈಯಲ್ಲಿ ಏನೂ ಇಲ್ಲದ ವಲಸಿಗ ಮುದುಕನ ಆಶೀರ್ವಾದಕ್ಕೆ ಅಷ್ಟು ದೊಡ್ಡ ಅರಸ ನಿಂತ್ಕೊಂಡ. ನಾವು ಹಿರಿಯರಿಗೆ ಔಷಧಿ ಕೊಡ್ತೀವಿ, ಹಾಸಿಗೆ ಕೊಡ್ತೀವಿ. ಅವರಿಂದ ಏನಾದ್ರೂ ತಗೊಳ್ಳೋಕೆ ನಿಂತ್ಕೊಳ್ತೀವಾ?

ಅಪ್ಪನನ್ನ ಬಿಟ್ಟು ಬಂದೆ. ಈಗ 79 ವರ್ಷ, ಮಂಡಿ ನೋವು, ಒಂಟಿ ಮನೆ. ಮಾಡಿದ್ದು ಸರಿ ಅಂತ ಧೈರ್ಯವಾಗಿ ಹೇಳಲಾರೆ. ರಾತ್ರಿ ಎರಡಕ್ಕೆ ಎದೆ ಹಿಡ್ಕೊಂಡ್ರೆ ಯಾರಿದ್ದಾರೆ ಅನ್ನೋ ಪ್ರಶ್ನೆ ಪ್ರತಿ ರಾತ್ರಿ ನನ್ನ ಜೊತೆ ಮಲಗುತ್ತೆ.

ಹೋದ ಭಾನುವಾರ ಬೆಳಿಗ್ಗೆ ಇಲ್ಲಿಗೆ ಹೊರಡೋ ಮುಂಚೆ ಫೋನ್ ಮಾಡಿದೆ. ಎತ್ತಲಿಲ್ಲ. ಮೂರು ಸಲ ಮಾಡಿದೆ. ಆರಾಧನೆ ಪೂರ್ತಿ ನನ್ನ ಮನಸ್ಸು ಇಲ್ಲಿರಲಿಲ್ಲ, ನಿಮ್ಮಲ್ಲಿ ಕೆಲವರು ಗಮನಿಸಿರಬಹುದು. ಮಧ್ಯಾಹ್ನ ಅವರೇ ಮಾಡಿ ಬೈದ್ರು: “ಭಾನುವಾರ ಮುಂಜಾನೆ ಯಾರರ ಫೋನ್ ಮಾಡ್ತಾರೇನೋ? ಬಾಗ್ಲಾ ತೆಗಿಯೂದು ಇರ್ತದ ನಂಗ.”

ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.