ಇದ್ದ ಯಂತ್ರದ ಋಣ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಮಾಮೂಲು ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಪ್ರೊಸೆಸರ್ ಆಗಿದ್ದರೆ ಎಂಟನೆಯ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. 2017ಕ್ಕೆ ಮುಂಚೆ ಕೊಂಡ ಯಂತ್ರಗಳಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿದ ಹಾಗೆಯೇ. ಶಿವಮೊಗ್ಗದ ಹೊಸಮನೆಯಲ್ಲಾಗಲಿ ಭದ್ರಾವತಿಯ ಹೊಸಮನೆಯಲ್ಲಾಗಲಿ, ಮಕ್ಕಳ ಓದಿಗೆಂದು ಹತ್ತು ವರ್ಷದ ಕೆಳಗೆ ತಂದ ಕಂಪ್ಯೂಟರ್ ಇರುವ ಮನೆಗಳ ಮುಂದೆ ಈಗ ಮೂರು ದಾರಿಗಳಿವೆ. ಅಂಗಡಿಗೆ ಹೋಗಿ ಹೊಸ ಲ್ಯಾಪ್‌ಟಾಪ್ ಕೊಳ್ಳಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಊರಿನ ಅಂಗಡಿಯಿಂದಲೋ ಬಿಡಿಭಾಗ ತರಿಸಿ ಅಸೆಂಬಲ್ ಮಾಡಿಸಬಹುದು. ಇಲ್ಲವೇ ಇದ್ದ ಯಂತ್ರಕ್ಕೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಇನ್ನೊಂದು ರ‍್ಯಾಮ್ ಸೇರಿಸಿ, ಲಿನಕ್ಸ್ ಹಾಕಿ ಎಬ್ಬಿಸಬಹುದು. ಈ ಆಯ್ಕೆಯನ್ನು ಸಾಮಾನ್ಯವಾಗಿ ಖರ್ಚಿನ ಲೆಕ್ಕವೆಂದೇ ನೋಡುತ್ತಾರೆ. ಆದರೆ ಆ ಲೆಕ್ಕ ತಿಂಗಳಿಗೊಮ್ಮೆ ತಿರುಗಿ ಬೀಳುತ್ತದೆ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಿಗಿದು, ಅಸೆಂಬಲ್ ಮಾಡಿಸುವುದೇ ಅಗ್ಗವೆಂಬ ಹಳೆಯ ನಂಬಿಕೆ ಅಲ್ಲಾಡಿತು. ಬೆಲೆಯ ಜೊತೆ ಏರಿಳಿಯದ ಪ್ರಶ್ನೆಯೊಂದು ಇದರೊಳಗಿದೆ, ಅದು ಧರ್ಮದ ಪ್ರಶ್ನೆ: ಈಗಾಗಲೇ ಲೋಕಕ್ಕೆ ಬಂದು ನಮ್ಮ ಮನೆ ಸೇರಿರುವ ವಸ್ತುವಿಗೆ ನಾವು ಏನಾದರೂ ಸಲ್ಲಿಸಬೇಕಾದ್ದು ಇದೆಯೇ? ಇದೆ ಎಂಬುದು ನನ್ನ ವಾದ. ಹಾಗಾಗಿ ಎಬ್ಬಿಸಲು ಸಾಧ್ಯವೇ ಎಂದು ನೋಡುವುದು ಮೊದಲ ಕರ್ತವ್ಯ, ಕಟ್ಟಿಸುವುದು ಅದರ ನಂತರದ್ದು, ಬಿಚ್ಚಲಾಗದ ಹೊಸದನ್ನು ಕೊಳ್ಳುವುದು ಕಟ್ಟಕಡೆಯದು.

ಈ ಪ್ರಶ್ನೆಯನ್ನು ನಮ್ಮ ನಾಡು ಬಹಳ ಹಿಂದೆಯೇ ಕೇಳಿಕೊಂಡಿತ್ತು. ಕರ್ನಾಟಕದ ದೇವಾಲಯ, ಬಸದಿಗಳ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಪಡಿಸುವುದಕ್ಕೆಂದು ಭೂಮಿಯನ್ನೋ ತೆರಿಗೆಯ ಪಾಲನ್ನೋ ಬಿಟ್ಟುಕೊಡುವ ಕ್ರಮ ಅದು. ದೀಪಕ್ಕೆ, ನೈವೇದ್ಯಕ್ಕೆ, ಅನ್ನದಾನಕ್ಕೆ ಕೊಟ್ಟ ಹಾಗೆಯೇ ರಿಪೇರಿಗೂ ಕೊಟ್ಟರು. ಎಷ್ಟೋ ಶಾಸನಗಳಲ್ಲಿ ಗುಡಿ ಕಟ್ಟಿದ ಕಾಲದ ದಾನದಲ್ಲೇ ಈ ಮಾತಿದೆ. ಕಲ್ಲು ಇನ್ನೂ ಹೊಸದಾಗಿರುವಾಗಲೇ ಅದು ಬಿರಿಯುವ ದಿನವನ್ನು ನೆನೆದು ಅದಕ್ಕೆ ಹೊಣೆ ಹೊತ್ತರು ಎಂಬುದು ನನಗೆ ಬಹಳ ದೊಡ್ಡ ವಿಚಾರವಾಗಿ ಕಾಣುತ್ತದೆ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯ ಹದಿಮೂರನೆಯ ಶತಮಾನದ ಹೊಯ್ಸಳ ತ್ರಿಕೂಟ. ಅಂಥ ಕಟ್ಟಡ ಇಷ್ಟು ಶತಮಾನ ಉಳಿಯಬೇಕಾದರೆ ಕಟ್ಟಿದವರ ಕೈಯಷ್ಟೇ ಸಾಲದು, ಮಧ್ಯದ ತಲೆಮಾರುಗಳು ಕೈಬಿಡದೆ ಇರಬೇಕು.

ದೇವರ ಮನೆಗೂ ಪೇಟೆಯ ಸರಕಿಗೂ ಎತ್ತಣ ಸಂಬಂಧ ಎಂಬುದು ಸಹಜವಾದ ಆಕ್ಷೇಪ. ಆಯುಧಪೂಜೆಯ ದಿನ ಕೀಬೋರ್ಡಿಗೆ, ಮಾನಿಟರಿಗೆ ಅರಿಶಿನ ಕುಂಕುಮ ಹಚ್ಚಿ ಹೂವಿಡುವ ಜನ ನಾವು ಎಂದು ಹೇಳಿ ಉತ್ತರ ಮುಗಿಸಬಹುದು. ಆದರೆ ಆ ಪೂಜೆಯೊಂದರ ಮೇಲೆ ನನ್ನ ವಾದವನ್ನು ನಿಲ್ಲಿಸುವುದಿಲ್ಲ, ಏಕೆಂದರೆ ಪೂಜೆ ಮಾಡದವರಿಗೂ ಈ ಕರ್ತವ್ಯ ಅನ್ವಯಿಸಬೇಕು. ಯಂತ್ರದ ಒಳಗೆ ಏನಿದೆ ಎಂದು ನೋಡೋಣ. ಚಿಪ್ ತಯಾರಿಕೆಗೆ ಅತಿ ಶುದ್ಧವಾದ ನೀರು ಅಪಾರವಾಗಿ ಬೇಕು. 2021ರಲ್ಲಿ ತೈವಾನಿನಲ್ಲಿ ಬರ ಬಿದ್ದಾಗ ಅಲ್ಲಿನ ಸರ್ಕಾರ ಭತ್ತದ ಗದ್ದೆಗಳಿಗೆ ನೀರು ಬಿಡುವುದನ್ನು ನಿಲ್ಲಿಸಿತು. ಚಿಪ್ ಕಾರ್ಖಾನೆಗಳಿಗೆ ಟ್ಯಾಂಕರುಗಳಲ್ಲಿ ನೀರು ಹೋಯಿತು. ಭದ್ರಾ ನಾಲೆಗೆ ಯಾವಾಗ ನೀರು ಬಿಡುತ್ತಾರೆಂದು ಕಾದು ಸಸಿಮಡಿ ಮಾಡುವ ಸೀಮೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ತಾಮ್ರ, ತವರ, ಚಿನ್ನ, ಲ್ಯಾಪ್‌ಟಾಪಿನ ಬ್ಯಾಟರಿಯಾದರೆ ಕಾಂಗೋದ ಗಣಿಗಳ ಕೋಬಾಲ್ಟ್: ಎಲ್ಲವೂ ಯಾರದೋ ನೆಲದಿಂದ, ಯಾರದೋ ಮೈಬೆವರಿನಿಂದ ಬಂದದ್ದು. ಒಂದು ಲ್ಯಾಪ್‌ಟಾಪ್ ತನ್ನ ಆಯುಷ್ಯದಲ್ಲಿ ಉಂಟುಮಾಡುವ ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ತಯಾರಿಕೆಯದೇ ಎಂದು ತಯಾರಿಸುವ ಕಂಪನಿಗಳ ವರದಿಗಳೇ ಹೇಳುತ್ತವೆ. ಆಗಬೇಕಾದ ಹಾನಿಯ ಬಹುಭಾಗ ನಾವು ಪೆಟ್ಟಿಗೆ ಬಿಚ್ಚುವ ಮೊದಲೇ ಆಗಿಹೋಗಿರುತ್ತದೆ. ಆಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಒಂದೇ, ಆ ಹಾನಿಗೆ ಪ್ರತಿಯಾಗಿ ಎಷ್ಟು ವರ್ಷದ ಸೇವೆ ಪಡೆಯುತ್ತೇವೆ ಎಂಬುದು.

ದುಡ್ಡು ಕೊಟ್ಟಾಗಲೇ ಋಣ ತೀರಿತಲ್ಲ ಎನ್ನುವವರಿದ್ದಾರೆ. ವ್ಯಾಪಾರದ ನ್ಯಾಯದಲ್ಲಿ ಅದು ಸರಿ. ಆದರೆ ನಮ್ಮ ಪರಂಪರೆ ಋಣವನ್ನು ಬರಿಯ ವ್ಯಾಪಾರದ ಮಾತಾಗಿ ಬಳಸಲಿಲ್ಲ. ಹುಟ್ಟಿದವನಿಗೆ ಋಷಿಋಣ, ದೇವಋಣ, ಪಿತೃಋಣ ಇವೆಯೆಂದು ವೇದ ಹೇಳಿದಾಗ, ಅಧ್ಯಯನದಿಂದ, ಯಜ್ಞದಿಂದ, ಸಂತಾನದಿಂದ ಅವನ್ನು ತೀರಿಸಬೇಕೆಂದಿತು. ಮೂರರಲ್ಲಿ ಯಾವುದೂ ಹಣದಿಂದ ತೀರುವುದಲ್ಲ. ಪಡೆದದ್ದನ್ನು ಮುಂದುವರಿಸುವುದೇ ತೀರಿಸುವ ಕ್ರಮ. ಬತ್ತಿದ ಗದ್ದೆಯ ಲೆಕ್ಕ ಲ್ಯಾಪ್‌ಟಾಪಿನ ಬಿಲ್ಲಿನಲ್ಲಿ ಇರುವುದಿಲ್ಲವಾದ್ದರಿಂದ ಆ ಬಾಕಿಯನ್ನು ಬಳಕೆಯಲ್ಲೇ ಸಲ್ಲಿಸಬೇಕು. ಶರಣರ ಕಾಯಕದ ಕಲ್ಪನೆಯಲ್ಲೂ ಇದಕ್ಕೆ ಆಧಾರವಿದೆ. ಹೊಸದನ್ನು ಹುಟ್ಟಿಸುವ ಕೆಲಸ ಮೇಲು, ಇದ್ದದ್ದನ್ನು ಮತ್ತೆ ಬಳಕೆಗೆ ತರುವ ಕೆಲಸ ಕೀಳು ಎಂದು ಅವರು ಎಣಿಸಿದ್ದರೆ ಮಡಿವಾಳ ಮಾಚಯ್ಯನವರಿಗೆ ಅವರ ನಡುವೆ ಅಂಥ ಎತ್ತರದ ಸ್ಥಾನ ಸಿಗುತ್ತಿರಲಿಲ್ಲ. ಕೊಳೆಯಾದ ಬಟ್ಟೆಯನ್ನು ಮತ್ತೆ ತೊಡುವಂತೆ ಮಾಡುವುದೇ ಅವರ ಕಾಯಕವಾಗಿತ್ತು. ಬೋರ್ಡಿನ ಮೇಲೆ ಬಗ್ಗಿ ಕೆಪಾಸಿಟರ್ ಬೆಸುಗೆ ಹಾಕುವವರ ಕೆಲಸವನ್ನು ಹೊಸದು ಕೊಳ್ಳಲಾರದವರ ಪಾಲಿನ ಅಗ್ಗದ ಉಪಾಯವೆಂದು ನೋಡುವುದು ಆ ಪರಂಪರೆಗೆ ಮಾಡುವ ಅನ್ಯಾಯ.

ಇನ್ನೊಂದು ಆಕ್ಷೇಪ ಧರ್ಮದ ಒಳಗಿನಿಂದಲೇ ಏಳುತ್ತದೆ, ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಹಳೆಯದನ್ನು ಬಿಡಲಾರದೆ ಇಟ್ಟುಕೊಳ್ಳುವುದೂ ಆಸೆಯೇ ಅಲ್ಲವೇ? ಶಿವಮೊಗ್ಗ ಜಿಲ್ಲೆಯ ಹೊಂಬುಜದಲ್ಲಿ ಶತಮಾನಗಳಿಂದ ನೆಲೆಸಿರುವ ಜೈನಧರ್ಮ ಗೃಹಸ್ಥನಿಗೆ ಪರಿಗ್ರಹ ಪರಿಮಾಣವನ್ನು ವಿಧಿಸುತ್ತದೆ: ನಿನ್ನಲ್ಲಿ ಏನೇನು ಎಷ್ಟಿರಬೇಕೆಂದು ನೀನೇ ಮಿತಿ ಹಾಕಿಕೋ ಎಂದು. ಅಟ್ಟದ ಮೇಲೆ ಧೂಳು ತಿನ್ನುವ ಎರಡು ಸಿಪಿಯು, ಒಂದು ದಪ್ಪ ಮಾನಿಟರ್, ಮೂರು ಕೆಟ್ಟ ಕೀಬೋರ್ಡ್ ಇಟ್ಟುಕೊಂಡವರು ಈ ವ್ರತ ಪಾಲಿಸಿದವರಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ತತ್ತ್ವಾರ್ಥಸೂತ್ರದ ಕರ್ತೃ ಉಮಾಸ್ವಾಮಿ ಪರಿಗ್ರಹದ ಲಕ್ಷಣ ಹೇಳುವಾಗ ವಸ್ತುವಿನ ಸಂಖ್ಯೆಯನ್ನು ಹಿಡಿಯದೆ ಅದರ ಮೇಲಿನ ಮೋಹವನ್ನು ಹಿಡಿದರು. ಆ ಅಳತೆಯಲ್ಲಿ ನೋಡಿದರೆ ಮೂರು ವರ್ಷಕ್ಕೊಮ್ಮೆ ಹೊಸ ಮಾಡೆಲ್ ಬೇಕೆನಿಸುವುದೂ ಮೋಹ, ಸತ್ತ ಯಂತ್ರವನ್ನು ಕೊಡಲಾರದೆ ಇಟ್ಟುಕೊಳ್ಳುವುದೂ ಮೋಹ. ಎಬ್ಬಿಸುವುದು ಇವೆರಡರಿಂದಲೂ ಬೇರೆಯಾದದ್ದು. ಯಾರಿಗಾದರೂ ಅದರಿಂದ ದಿನದ ಕೆಲಸ ನಡೆಯುತ್ತದೆಯೇ ಎಂಬುದೇ ಅಲ್ಲಿ ಪರೀಕ್ಷೆ. ನಮ್ಮ ಮನೆಯಲ್ಲಿ ನಡೆಯದಿದ್ದರೆ ಪಕ್ಕದ ಮನೆಯ ಹೈಸ್ಕೂಲು ಹುಡುಗಿಗೆ ನಡೆದರೂ ಆಯಿತು, ಯಂತ್ರ ಕೊಟ್ಟ ಹಾಗೂ ಆಯಿತು.

ಭಾಗಗಳನ್ನೆಲ್ಲ ಬದಲಿಸಿದ ಮೇಲೆ ಉಳಿದದ್ದು ಹಳೆಯ ಯಂತ್ರವೇ ಹೇಗಾದೀತು ಎಂದು ತರ್ಕಿಸುವವರಿಗೆ ಆಗಮಗಳ ಕ್ರಮದಲ್ಲಿ ಉತ್ತರವಿದೆ. ಜೀರ್ಣೋದ್ಧಾರಕ್ಕೆ ಮುಂಚೆ ಮೂರ್ತಿಯ ಕಳೆಯನ್ನು ಕುಂಭಕ್ಕೆ ಆಕರ್ಷಿಸಿ, ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿಟ್ಟು ಪೂಜೆ ತಪ್ಪದಂತೆ ನಡೆಸಿ, ಕೆಲಸ ಮುಗಿದ ಮೇಲೆ ಪುನಃಪ್ರತಿಷ್ಠೆ ಮಾಡುತ್ತಾರೆ. ಗೋಡೆಯ ಕಲ್ಲು ಬದಲಾದರೂ ಗುಡಿ ಅದೇ, ಏಕೆಂದರೆ ಅಲ್ಲಿ ನಡೆಯುತ್ತಿದ್ದುದು ನಡುವೆ ಕಡಿಯಲಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಹಾಗೆ ಕಾಯ್ದು ಸಾಗಿಸಬೇಕಾದ್ದು ಅದರಲ್ಲಿರುವ ಬರಹ, ಫೋಟೋ, ಲೆಕ್ಕ. ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ಎಚ್ಚರ ಬೇಕು. ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ ಫಾಂಟುಗಳಲ್ಲಿ ಟೈಪು ಮಾಡಿದ ಕಡತಗಳನ್ನು ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಹಳೆಯ ಯಂತ್ರ ಬದುಕಿರುವಾಗಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ತಂದೆ ಬರೆದಿಟ್ಟ ವಂಶದ ವಿವರ, ಭಜನಾ ಮಂಡಳಿಯ ಹಾಡಿನ ಪುಸ್ತಕ, ಸಂಘದ ವರದಿಗಳು ಈ ರೂಪದಲ್ಲೇ ಕುಳಿತಿವೆ. ಸಿಪಿಯು ಗುಜರಿಗೆ ಹೋದರೆ ಅವೂ ಜೊತೆಗೇ ಹೋಗುತ್ತವೆ.

ಕಟ್ಟಿಸುವ ದಾರಿಗೆ ನಾನು ಎರಡನೆಯ ಸ್ಥಾನ ಕೊಟ್ಟದ್ದಕ್ಕೂ ಕಾರಣ ದೇಗುಲಗಳ ಕ್ರಮದಲ್ಲೇ ಇದೆ. ಜಪಾನಿನ ಇಸೆ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪೂರ್ತಿ ಹೊಸದಾಗಿ ಕಟ್ಟುತ್ತಾರೆ. ಕಳೆದ ಬಾರಿ ಕಟ್ಟಿದ್ದು 2013ರಲ್ಲಿ. ಜೀರ್ಣೋದ್ಧಾರದ ತತ್ತ್ವಕ್ಕೆ ಇದು ವಿರುದ್ಧವೆಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಅಲ್ಲಿ ಉಳಿಸಿಕೊಳ್ಳುತ್ತಿರುವುದು ಕಟ್ಟುವ ವಿದ್ಯೆಯನ್ನು, ಮತ್ತು ಬಿಚ್ಚಿದ ಮರ ಬೇರೆ ದೇಗುಲಗಳ ಕೆಲಸಕ್ಕೆ ಹೋಗುತ್ತದೆ. ಅಸೆಂಬಲ್ ಮಾಡಿಸಿದ ಕಂಪ್ಯೂಟರಿನಲ್ಲೂ ಈ ಎರಡೂ ಗುಣಗಳಿವೆ. ಕೀಲುಗಳೆಲ್ಲ ತೆರೆದಿರುತ್ತವೆ, ಕ್ಯಾಬಿನೆಟ್ಟೂ ಪವರ್ ಸಪ್ಲೈಯೂ ಹಳೆಯದೇ ಇರಬಹುದು, ನಾಳೆ ಕೆಟ್ಟದ್ದನ್ನಷ್ಟೇ ತೆಗೆಯಬಹುದು. ಕಟ್ಟಿದ ಹುಡುಗನಿಗೆ ಮುಂದೆ ಸರಿಪಡಿಸುವುದೂ ಗೊತ್ತಿರುತ್ತದೆ. ರ‍್ಯಾಮನ್ನು ಬೋರ್ಡಿಗೇ ಬೆಸೆದು, ಬ್ಯಾಟರಿಯನ್ನು ಅಂಟಿಸಿ ಮಾರುವ ತೆಳು ಲ್ಯಾಪ್‌ಟಾಪಿನಲ್ಲಿ ಈ ಅವಕಾಶವನ್ನು ತಯಾರಕರೇ ಮುಚ್ಚಿಟ್ಟಿರುತ್ತಾರೆ.

ವ್ಯವಹಾರದ ಆಕ್ಷೇಪಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಭದ್ರತಾ ಅಪ್‌ಡೇಟ್ ನಿಂತ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಮಾಡುವುದು ಮನೆಮಂದಿಯ ಉಳಿತಾಯವನ್ನು ಅಪಾಯಕ್ಕೆ ಒಡ್ಡಿದಂತೆ, ಅದನ್ನು ಯಾವ ಧರ್ಮವೂ ಹೇಳಲಾರದು. ಹಾಗಾಗಿ ಎಬ್ಬಿಸುವುದೆಂದರೆ ಲಿನಕ್ಸ್ ಮಿಂಟ್‌ನಂಥ, ಇಂದಿಗೂ ಅಪ್‌ಡೇಟ್ ಸಿಗುವ ವ್ಯವಸ್ಥೆಗೆ ಹೋಗುವುದೂ ಸೇರಿದೆ. ನಾಲ್ಕು ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ ಓದು, ಬರಹ, ಆನ್‌ಲೈನ್ ಅರ್ಜಿಯ ಕೆಲಸಗಳು ಅದರಲ್ಲಿ ಸಲೀಸು. ವಿಂಡೋಸಿನಲ್ಲೇ ನಡೆಯುವ ತಂತ್ರಾಂಶದ ಮೇಲೆ ಜೀವನೋಪಾಯ ನಿಂತಿದ್ದರೆ ಹೊಸದು ಕೊಳ್ಳುವುದೇ ಸರಿ. ವಿದ್ಯುತ್ತಿನ ವಿಷಯಕ್ಕೆ ಬಂದರೆ, 100 ವ್ಯಾಟಿನ ಡೆಸ್ಕ್‌ಟಾಪನ್ನು ದಿನಕ್ಕೆ ಮೂರು ಗಂಟೆ ಓಡಿಸಿದರೆ ವರ್ಷಕ್ಕೆ ಸುಮಾರು 110 ಯೂನಿಟ್, 25 ವ್ಯಾಟಿನ ಲ್ಯಾಪ್‌ಟಾಪಿಗೆ 27. ನಮ್ಮ ದೇಶದ ವಿದ್ಯುತ್ತಿನಲ್ಲಿ ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ವರ್ಷದ ಉಳಿತಾಯ 58 ಕೆ.ಜಿ. ಹೊಸ ಲ್ಯಾಪ್‌ಟಾಪಿನ ತಯಾರಿಕೆಗೆ 200 ಕೆ.ಜಿ. ಎಂದುಕೊಂಡರೂ ಅದು ಸರಿದೂಗಲು ಮೂರೂವರೆ ವರ್ಷ ಬೇಕು. ದಪ್ಪ ಮಾನಿಟರಿನ, ಪೆಂಟಿಯಂ 4 ಕಾಲದ ಯಂತ್ರಕ್ಕೆ ಈ ಲೆಕ್ಕ ತಿರುವುಮುರುವಾಗುತ್ತದೆ. ಅದನ್ನು ಎಬ್ಬಿಸಬೇಕೆಂದು ನಾನು ಹೇಳುವುದಿಲ್ಲ.

ಎಲ್ಲರೂ ಹಳೆಯದನ್ನೇ ಎಬ್ಬಿಸುತ್ತ ಕುಳಿತರೆ ಕಾರ್ಖಾನೆಗಳು ಏನಾಗಬೇಕು? ಭದ್ರಾವತಿಯಲ್ಲಿ ಕೇಳಿದಾಗ ಈ ಪ್ರಶ್ನೆಗೆ ಬೇರೆಯೇ ತೂಕ ಬರುತ್ತದೆ. ವಿಶ್ವೇಶ್ವರಯ್ಯನವರ ಮುಂದಾಳ್ತನದಲ್ಲಿ ಎದ್ದು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ (ಇಂದಿನ ವಿಐಎಸ್‌ಎಲ್), 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯೂ ಈ ಊರಿಗೆ ಅನ್ನ ಕೊಟ್ಟವು. ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು, ಕಾರ್ಮಿಕರ ಹೋರಾಟದ ನಡುವೆ ಅದೇ ಆಗಸ್ಟಿನಲ್ಲಿ ಒಂದು ಭಾಗ ಮತ್ತೆ ಚಾಲೂ ಆಯಿತು. ಈ ಊರು ಅಂದಿನಿಂದ ಕೇಳುತ್ತಿರುವುದು ಪುನಶ್ಚೇತನವನ್ನು. ಇರುವ ಕುಲುಮೆ, ಇರುವ ಕುಶಲತೆ, ಇರುವ ಜನರನ್ನು ಬಿಟ್ಟು ಬೇರೆಡೆ ಹೊಸದು ಕಟ್ಟುವುದು ಅಗ್ಗವೆಂದು ಲೆಕ್ಕ ತೋರಿಸಿದರೂ ಅದು ನ್ಯಾಯವಲ್ಲ ಎಂಬುದೇ ಕಾರ್ಮಿಕರ ವಾದದ ತಿರುಳು. ಸಾವಿರಾರು ಕುಟುಂಬಗಳ ಬದುಕಿಗೂ ಮೇಜಿನ ಮೇಲಿನ ಯಂತ್ರಕ್ಕೂ ತೂಕದಲ್ಲಿ ಹೋಲಿಕೆಯಿಲ್ಲ, ಆದರೆ ಎರಡರಲ್ಲೂ ಕೇಳುತ್ತಿರುವ ನ್ಯಾಯ ಒಂದೇ. ಜೊತೆಗೆ, ರಿಪೇರಿಗೆ ಕೊಟ್ಟ ಹಣದಲ್ಲಿ ಕೆಲಸದ ಕೂಲಿಯಾದರೂ ಊರಿನಲ್ಲೇ ಉಳಿಯುತ್ತದೆ. ಹೊಸ ಲ್ಯಾಪ್‌ಟಾಪಿಗೆ ಕೊಟ್ಟದ್ದರಲ್ಲಿ ಬಹುಪಾಲು ದೂರದ ಕಂಪನಿಗೆ ಹೋಗುತ್ತದೆ.

ಎಬ್ಬಿಸಲಾಗದ ದಿನವೂ ಬರುತ್ತದೆ. ಭಿನ್ನವಾದ ಮೂರ್ತಿಯನ್ನು ಕಂಡಲ್ಲಿ ಎಸೆಯಲು ಶಾಸ್ತ್ರ ಬಿಡಲಿಲ್ಲ. ಮರದ್ದಾದರೆ ಅಗ್ನಿಗೆ, ಕಲ್ಲಿನದಾದರೆ ನೀರಿಗೆ ಎಂದು ಬೀಳ್ಕೊಡುವ ಕ್ರಮವನ್ನೂ ಹೇಳಿತು. ಸೀಸ, ಪಾದರಸ ಇರಬಹುದಾದ ಯಂತ್ರಕ್ಕೆ ಬೆಂಕಿಯೂ ಸಲ್ಲದು ನೀರೂ ಸಲ್ಲದು. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್, ಅದರಲ್ಲಿ ಕ್ರಮಬದ್ಧವಾಗಿ ಸಂಸ್ಕರಣೆಯಾದದ್ದೆಂದು ದಾಖಲಾದದ್ದು ಶೇ. 22.3 ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಉಳಿದದ್ದರಲ್ಲಿ ಒಂದಷ್ಟು ತಾಮ್ರಕ್ಕಾಗಿ ವೈರು ಸುಡುವವರ ಎದೆಗೆ ಹೊಗೆಯಾಗಿ ಹೋಗುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಮ್ಮ ಇ-ತ್ಯಾಜ್ಯ ನಿಯಮಗಳು ಸಂಸ್ಕರಣೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ಆದರೆ ಕೇಳುವವರಿಲ್ಲದ ಕಡೆ ಆ ಹೊಣೆ ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಹೊಸದನ್ನು ಕೊಳ್ಳಲೇಬೇಕಾದ ಮನೆಯವರು ದುಡ್ಡು ಎಣಿಸುವ ಮುಂಚೆ ಅಂಗಡಿಯಲ್ಲಿ ಕೇಳಬೇಕು: ಇದರ ರ‍್ಯಾಮ್ ಮತ್ತು ಬ್ಯಾಟರಿ ಬದಲಿಸಲು ಬರುತ್ತದೆಯೇ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ನಮ್ಮ ಹಳೆಯದನ್ನು ನೀವು ವಾಪಸು ತೆಗೆದುಕೊಂಡು ಎಲ್ಲಿಗೆ ಕಳಿಸುತ್ತೀರಿ?