ಕಿವಿಹಾಲೆಯ ಸಾಕ್ಷ್ಯ

ನಾನು ಕನ್ನಡ ಪಾಠ ಹೇಳುವವನು. ಅನುವಂಶೀಯತೆ, ಜೀನು, ಪ್ರೋಟೀನು—ಇವುಗಳ ಗೊಡವೆ ಇವನಿಗೇಕೆಂದು ವಾಚಕರು ಕೇಳಿದರೆ ಅದು ನ್ಯಾಯವೇ. ಆದರೆ ಕಳೆದ ತಿಂಗಳು ಈ ವಿಷಯದಲ್ಲಿ ನನ್ನಿಂದ ಒಂದು ತಪ್ಪು ನಡೆದುಹೋಯಿತು. ಹೇಳಿಕೊಳ್ಳದೆ ಮನಸ್ಸಿಗೆ ಸಮಾಧಾನವಿಲ್ಲ.

ನೆರೆಮನೆಯ ಹುಡುಗಿ ಹತ್ತನೆಯ ತರಗತಿಯಲ್ಲಿದ್ದಾಳೆ. ವಿಜ್ಞಾನದ ಕಿರುಪರೀಕ್ಷೆಗೆ ಮನೆಯಿಂದಲೇ ಬರೆದು ಒಯ್ಯಬೇಕಾದ ಪ್ರಶ್ನೆಯೊಂದನ್ನು ಹಿಡಿದು ಒಂದು ಸಂಜೆ ಬಂದಳು. ತಂದೆ, ತಾಯಿ, ಮಕ್ಕಳ ಕಿವಿಯ ಹಾಲೆ ಕೆನ್ನೆಗೆ ಅಂಟಿದೆಯೋ, ಬಿಡಿಯಾಗಿ ಇಳಿದಿದೆಯೋ ನೋಡಿ, ಪಟ್ಟಿ ಮಾಡಿ, ನಿಯಮದಂತೆ ವಿವರಿಸಬೇಕು, ಐದು ಅಂಕ. ನಿಯಮವೂ ಅವಳ ಟಿಪ್ಪಣಿಯಲ್ಲಿತ್ತು: ಬಿಡಿ ಹಾಲೆ ಪ್ರಬಲ ಲಕ್ಷಣ, ಅಂಟಿದ ಹಾಲೆ ದುರ್ಬಲ ಲಕ್ಷಣ; ತಂದೆತಾಯಿಗಳಿಬ್ಬರದೂ ಅಂಟಿದ್ದರೆ ಮಕ್ಕಳೆಲ್ಲರದೂ ಅಂಟಿರಲೇಬೇಕು.

"ಮಾಮ, ಅಪ್ಪಂದೂ ಅಂಟಿದೆ, ಅಮ್ಮಂದೂ ಅಂಟಿದೆ. ನಂದು ಮಾತ್ರ ಬಿಡಿ. ಏನಂತ ಬರೀಲಿ?"

ನಾನು ಉತ್ತರಪತ್ರಿಕೆಗಳ ಕಟ್ಟೊಂದನ್ನು ಮುಂದಿಟ್ಟುಕೊಂಡು ಕುಳಿತಿದ್ದೆ. ತಲೆಯೆತ್ತದೆಯೇ, "ಪರೀಕ್ಷೆ ತಾನೇ, ನಿಯಮಕ್ಕೆ ಹೊಂದೋ ಹಾಗೆ ಬರೆದುಬಿಡಮ್ಮ" ಎಂದೆ. ಅವಳು ಕಾಗದದ ಮೇಲೆ ಅಪ್ಪನ ಹಾಲೆಯನ್ನು ಬಿಡಿಯಾಗಿಸಿಬಿಟ್ಟಳು. ಐದಕ್ಕೆ ಐದು ಬಂತು. ವಾರ ಕಳೆದ ಮೇಲೆ ಅವಳ ತಾಯಿ ನನ್ನ ಹೆಂಡತಿಯ ಹತ್ತಿರ ಹೇಳಿದರಂತೆ: ಹುಡುಗಿ ಎರಡು ಮೂರು ದಿನ ಕನ್ನಡಿಯ ಮುಂದೆ ನಿಂತು ಕಿವಿ ಮುಟ್ಟಿಕೊಳ್ಳುತ್ತಿದ್ದಳು; ಒಂದು ರಾತ್ರಿ ದೀಪ ಆರಿಸಿದ ಮೇಲೆ, "ಅಮ್ಮಾ, ನಾನು ನಿಮಗೇ ಹುಟ್ಟಿದ್ದಾ?" ಎಂದು ಕೇಳಿದಳು.

ಮರುದಿನ ಕಾಲೇಜಿನಲ್ಲಿ ಜೀವಶಾಸ್ತ್ರದ ಸಹೋದ್ಯೋಗಿಯೊಬ್ಬರನ್ನು ಹಿಡಿದು ಕೂರಿಸಿದೆ. ಅವರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಕಿವಿಹಾಲೆ ಒಂದು ಜೀನಿನ ಆಟವೇ ಅಲ್ಲವಂತೆ. 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅದಕ್ಕೆ ಸಂಬಂಧಿಸಿದ 49 ತಾಣಗಳನ್ನು ಗುರುತಿಸಿತು. ಅಂಟಿದ್ದು, ಬಿಡಿ ಎಂಬ ಎರಡೇ ಜಾತಿಯೂ ಇಲ್ಲ. ನಡುವೆ ಎಷ್ಟೋ ಬಗೆ. ನಾಲಗೆಯನ್ನು ಕೊಳವೆಯಂತೆ ಸುರುಳಿ ಮಾಡುವ ಕಥೆಯೂ ಅಂಥದೇ. ಅದು ಆನುವಂಶಿಕವೆಂದು 1940ರಲ್ಲಿ ಹೇಳಿದವರು ಅಮೆರಿಕದ ಆಲ್‌ಫ್ರೆಡ್ ಸ್ಟರ್ಟೆವಂಟ್. 1952ರಲ್ಲಿ ತದ್ರೂಪಿ ಅವಳಿಗಳನ್ನು ಪರೀಕ್ಷಿಸಿದಾಗ ಕೆಲವು ಜೋಡಿಗಳಲ್ಲಿ ಒಬ್ಬರಿಗೆ ಬರುತ್ತಿತ್ತು, ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ತಮ್ಮ ಮಾತು ಇನ್ನೂ ಸಿದ್ಧಾಂತವೆಂದು ಪುಸ್ತಕಗಳಲ್ಲಿ ಕಾಣುವುದು ಮುಜುಗರದ ಸಂಗತಿಯೆಂದು ಅವರೇ 1965ರಲ್ಲಿ ಬರೆದರು. ಹೇಳಿದವರು ಕೈಬಿಟ್ಟರೂ ಪ್ರಶ್ನೆಪತ್ರಿಕೆ ಬಿಟ್ಟಿಲ್ಲ.

"ಜೀನು ಕಿವಿಯನ್ನು ಕೆತ್ತುವುದಿಲ್ಲ ಸಾರ್" ಎಂದರು ಸಹೋದ್ಯೋಗಿ. ನನಗೆ ತಿಳಿಯಲೆಂದು ವ್ಯಾಕರಣದ ಭಾಷೆಯಲ್ಲೇ ಹೇಳಿದರು: ನಾಲ್ಕೇ ಅಕ್ಷರ, ಮೂರಕ್ಷರಕ್ಕೊಂದು ಪದ, ಒಟ್ಟು 64 ಪದ, ಅವುಗಳಲ್ಲಿ ಮೂರು ಪೂರ್ಣವಿರಾಮ. ಉಳಿದ 61 ಪದಗಳು 20 ಅಮೈನೋ ಆಮ್ಲಗಳನ್ನು ಹೆಸರಿಸುತ್ತವೆ. ಅವು ಪೋಣಿಸಿಕೊಂಡರೆ ಪ್ರೋಟೀನು. ಅಲ್ಲಿಂದ ಕಿವಿಯವರೆಗಿನ ದಾರಿ ಬಹಳ ದೂರ. ನಮ್ಮ ಮಕ್ಕಳು ಕಿವಿಹಾಲೆಯನ್ನು ಹೈಸ್ಕೂಲಿನಲ್ಲಿ ಒಂದು ಉತ್ತರಕ್ಕೆ, ಪ್ರೋಟೀನ್ ಸಂಶ್ಲೇಷಣೆಯನ್ನು ಪಿಯುಸಿಯಲ್ಲಿ ಇನ್ನೊಂದು ಉತ್ತರಕ್ಕೆ ಬಾಯಿಪಾಠ ಮಾಡುತ್ತಾರೆ. ಎರಡರ ನಡುವಿನ ಆ ದಾರಿಯನ್ನು ಯಾರೂ ಕೇಳುವುದಿಲ್ಲ.

ಈ ಶಾಸ್ತ್ರದ ಮೂಲಪುರುಷ ಮೆಂಡಲ್ 1850ರಲ್ಲಿ ಉಪಾಧ್ಯಾಯರ ಅರ್ಹತಾ ಪರೀಕ್ಷೆಯಲ್ಲಿ ನಪಾಸಾದವನು. 1856ರ ಎರಡನೆಯ ಯತ್ನವೂ ಫಲಿಸಲಿಲ್ಲ. ಬಟಾಣಿ ಎಣಿಸಿ ಅವನು ಕೊಟ್ಟ ಲೆಕ್ಕ: 5474 ಗುಂಡು, 1850 ಸುಕ್ಕು. (ನಪಾಸಾದ ವರ್ಷವೇ ಸುಕ್ಕಾಗಿ ಬಂದುದು ಕಾಕತಾಳೀಯ.) ಮೂರಕ್ಕೆ ಒಂದು ಎನ್ನುವುದು ಇಲ್ಲಿಯೂ ಸರಿಯಾಗಿ ಕೂಡುವುದಿಲ್ಲ, ಹತ್ತಿರ ಬರುತ್ತದೆ. ಆದರೂ ಅವನ ಒಟ್ಟು ಲೆಕ್ಕಗಳು ನಿಯಮಕ್ಕೆ ಮಿತಿಮೀರಿ ಹತ್ತಿರವಾಗಿವೆಯೆಂದು ರೊನಾಲ್ಡ್ ಫಿಷರ್ 1936ರಲ್ಲಿ ಆಕ್ಷೇಪಿಸಿದ. ಯಜಮಾನನಿಗೆ ಬೇಕಾದ ಉತ್ತರ ಯಾವುದೆಂದು ಚೆನ್ನಾಗಿ ಬಲ್ಲ ಸಹಾಯಕನೊಬ್ಬ ಲೆಕ್ಕ ತಿದ್ದಿರಬಹುದೆಂಬುದು ಅವನ ಊಹೆ. ಈ ಆರೋಪವನ್ನು ಅನೇಕರು ಒಪ್ಪಿಲ್ಲ, ಇರಲಿ. ಆ ಸಹಾಯಕ ಇದ್ದನೋ ಇಲ್ಲವೋ, ನಮ್ಮ ಪಕ್ಕದ ಮನೆಯಲ್ಲಂತೂ ಅಂಥವಳೊಬ್ಬಳನ್ನು ನಾನೇ ತಯಾರು ಮಾಡಿದೆ.

ಸಾವಿರಾರು ಪತ್ರಿಕೆ ತಿದ್ದುವವರಿಗೆ ಗೊತ್ತಾದ ಒಂದು ಉತ್ತರ ಬೇಕು ಎಂಬ ಮಾತು ನನಗೆ ಅರ್ಥವಾಗದ್ದೇನಲ್ಲ; ನಾನೂ ಕೆಂಪು ಶಾಯಿಯವನೇ. ಬಟಾಣಿಯ ಮೇಲೆ ಎಷ್ಟು ಬೇಕಾದರೂ ಕೇಳಲಿ. ಬಟಾಣಿಗೆ ಮನೆಯಿಲ್ಲ, ಮಾನವಿಲ್ಲ. ಮಗುವಿನ ಮನೆಯನ್ನೇ ಮಾದರಿಯಾಗಿ ತರಿಸುವುದು ಬೇರೆ. ಆ ತರಗತಿಯಲ್ಲಿ ದತ್ತುಮಗುವಿರಬಹುದು, ತಂದೆಯ ಮುಖ ಕಾಣದ ಮಗುವಿರಬಹುದು. ಅಲ್ಲಿ ನಾವು ಕೇಳುತ್ತಿರುವುದು ತಿಳಿವಳಿಕೆಯನ್ನಲ್ಲ, ಸಾಕ್ಷ್ಯವನ್ನು. ಸಾಕ್ಷಿ ಕಂಡದ್ದನ್ನು ಹೇಳಿದರೆ ಸೊನ್ನೆ, ಕಾಣದ್ದನ್ನು ಹೇಳಿದರೆ ಐದು ಎಂದರೆ, ಸುಳ್ಳು ಹೇಳಿದ ಪಾಪ ಯಾರ ಲೆಕ್ಕಕ್ಕೆ ಬರೆಯಬೇಕು?

ಆ ಸಂಜೆ ಅವರ ಮನೆಗೆ ಹೋಗಿ ನನಗೆ ತಿಳಿದಷ್ಟನ್ನೂ ಹೇಳಿದೆ. ತಪ್ಪು ನಿಯಮದ್ದು, ನಿನ್ನ ಕಿವಿಯದಲ್ಲ ಎಂದೆ. ಅವಳ ತಂದೆ ತಮ್ಮ ಹಾಲೆಯನ್ನು ಸವರಿಕೊಂಡು, "ನಲವತ್ತೇಳು ವರ್ಷದಿಂದ ಇದನ್ನ ನೋಡಿಕೊಂಡೇ ಇರಲಿಲ್ಲ, ಮೇಷ್ಟ್ರೇ" ಎಂದು ನಕ್ಕರು. ತಾಯಿ ಮಗಳ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದರು, ಏನೂ ಹೇಳಲಿಲ್ಲ. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಮಾಮ, ಆ ಐದು ಮಾರ್ಕ್ಸು?" ಎಂದು ಕೇಳಿದಳು.

ನಾನು ಕಾಫಿಯ ಲೋಟವನ್ನು ಕೆಳಗಿಟ್ಟೆ.